ಗ್ಯಾಸಿಗೆ ವಾಸನೆ ಬಂದ ಕಥೆ

ಹೊಸ ಸಿಲಿಂಡರಿಗೆ ರೆಗ್ಯುಲೇಟರ್ ಕೂರಿಸುವಾಗ ಪುಸ್ಸೆಂದು ಸ್ವಲ್ಪ ಗ್ಯಾಸ್ ಹೊರಬಂತು. ಪಕ್ಕದಲ್ಲಿದ್ದ ಮಗಳು ಮೂಗು ಮುಚ್ಚಿಕೊಂಡು ಕೇಳಿದಳು: "ಅಮ್ಮಾ, ಗ್ಯಾಸ್ ಯಾಕೆ ಇಷ್ಟು ನಾರತ್ತೆ?"

ನನ್ನ ಬಾಲ್ಯದಲ್ಲಾದರೆ ಇದಕ್ಕೆ ಒಂದೇ ಉತ್ತರ: "ದೂರ ಹೋಗು." ಸ್ವಿಚ್ ಮುಟ್ಟಬೇಡ, ಒಲೆಯ ಹತ್ತಿರ ಬರಬೇಡ. ನಮ್ಮ ಪಾಠವೆಲ್ಲ 'ಬೇಡ'ಗಳಲ್ಲೇ ಮುಗಿಯುತ್ತಿತ್ತು. ಅದನ್ನೇ ಹೇಳಲು ಹೊರಟವಳು ತಡೆದು, ಅವಳಿಗೆ ಒಂದು ಶಾಲೆಯ ಕಥೆ ಹೇಳಿದೆ.

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ನ್ಯೂ ಲಂಡನ್ ಎಂಬ ಊರು. ಸುತ್ತಲೂ ತೈಲಬಾವಿಗಳು, ಹಣವಂತ ಶಾಲೆ. ಆದರೂ ಚಳಿಗೆ ಕಟ್ಟಡ ಬೆಚ್ಚಗಿಡುವ ಖರ್ಚು ಉಳಿಸಲೆಂದು, ತೈಲದ ಜೊತೆ ಬಂದು ವ್ಯರ್ಥವಾಗುತ್ತಿದ್ದ ನೈಸರ್ಗಿಕ ಅನಿಲವನ್ನು ಶಾಲೆಗೆ ಎಳೆದುಕೊಂಡಿದ್ದರು. ಆ ಅನಿಲಕ್ಕೆ ವಾಸನೆಯೇ ಇರಲಿಲ್ಲ. ಸೋರಿದ್ದು ನೆಲದಡಿಯ ಖಾಲಿ ಜಾಗದಲ್ಲಿ ತುಂಬಿಕೊಂಡರೂ ಯಾರಿಗೂ ತಿಳಿಯಲಿಲ್ಲ. 1937ರ ಮಾರ್ಚ್ 18ರ ಮಧ್ಯಾಹ್ನ, ಶಾಲೆ ಬಿಡಲು ಕೆಲವೇ ನಿಮಿಷಗಳಿದ್ದಾಗ ಕಟ್ಟಡ ಸಿಡಿಯಿತು. ಮರಗೆಲಸದ ತರಗತಿಯಲ್ಲಿ ಉಜ್ಜುವ ಯಂತ್ರದ ಸ್ವಿಚ್ ಹಾಕಿದಾಗ ಹಾರಿದ ಕಿಡಿಯೇ ಕಾರಣವೆಂದು ತನಿಖೆ ಹೇಳಿತು. ಸುಮಾರು 300 ಮಂದಿ ಸತ್ತರು, ಹೆಚ್ಚಿನವರು ಮಕ್ಕಳು.

ಅನಿಲಕ್ಕೆ ವಾಸನೆ ಬೆರೆಸುವ ವಿದ್ಯೆ ಆಗಲೇ ಗೊತ್ತಿತ್ತು. ಅದು ಟೆಕ್ಸಾಸಿನಲ್ಲಿ ಕಾನೂನಾಗಲು ಇಷ್ಟು ಮಕ್ಕಳು ಹೋಗಬೇಕಾಯಿತು.

ನಮ್ಮಲ್ಲಿ ಸ್ವಿಚ್ ಮೊದಲು ಬಂತು, ಸಿಲಿಂಡರ್ ಆಮೇಲೆ. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳು ಬೆಳಗಿದ್ದು 1905ರಲ್ಲಿ. ಇಂಡೇನ್ ಸಿಲಿಂಡರ್ ದೇಶದಲ್ಲಿ ಶುರುವಾದದ್ದು 1965ರಲ್ಲಿ. ಈಗ ಎರಡೂ ಒಂದೇ ಅಡುಗೆಮನೆಯಲ್ಲಿವೆ. ಅಡುಗೆ ಅನಿಲಕ್ಕೂ ಸ್ವಂತ ವಾಸನೆಯಿಲ್ಲ. ನಾರುವುದು ಅದಕ್ಕೆ ಬೆರೆಸಿದ ಈಥೈಲ್ ಮರ್ಕ್ಯಾಪ್ಟನ್.

"ಅದು ನಿನ್ನನ್ನು ಎಚ್ಚರಿಸೋಕೆ ಅಂತಲೇ ನಾರೋದು," ಎಂದೆ. "ವಾಸನೆ ಬಂದ್ರೆ ಏನ್ ಮಾಡ್ತೀಯ?"

"ಲೈಟ್ ಹಾಕಿ ನೋಡ್ತೀನಿ."

ನನ್ನ ಎದೆ ಧಸಕ್ಕೆಂದಿತು. ದೊಡ್ಡವರ ಕೈಯೂ ಮೊದಲು ಹೋಗುವುದು ಅಲ್ಲಿಗೇ. ಸ್ವಿಚ್ ಹಾಕಿದರೂ ಕಿಡಿ, ಆರಿಸಿದರೂ ಕಿಡಿ, ಫ್ಯಾನಿನದ್ದೂ ಅಷ್ಟೇ. ಅಡುಗೆ ಅನಿಲ ಗಾಳಿಗಿಂತ ಭಾರ, ಮೇಲೆ ಹಾರಿಹೋಗದೆ ನೆಲದ ಮೇಲೆ ಹರಡಿಕೊಳ್ಳುತ್ತದೆ. ಹಾಗಾಗಿ ಅವಳಿಗೆ ಹೇಳಿದ್ದು ಇಷ್ಟು: ಯಾವ ಸ್ವಿಚ್ಚನ್ನೂ ಮುಟ್ಟದೆ, ಬಾಗಿಲು ತೆರೆದಿಟ್ಟು ಹೊರಗೆ ಹೋಗು, ದೊಡ್ಡವರನ್ನು ಕೂಗು. ರೆಗ್ಯುಲೇಟರ್ ಆರಿಸುವುದು, ಕಿಟಕಿ ತೆರೆಯುವುದು, ಹೊರಗೆ ನಿಂತು 1906ಕ್ಕೆ ಫೋನ್ ಮಾಡುವುದು ನಮ್ಮ ಕೆಲಸ.

ಅವಳು ಏನೂ ಹೇಳಲಿಲ್ಲ. ರಾತ್ರಿ ಮಲಗುವಾಗ ಕೇಳಿದಳು: "ಅಮ್ಮಾ, ರೆಗ್ಯುಲೇಟರ್ ಆಫ್ ಮಾಡಿದ್ಯಾ?"

ಮಾಡಿರಲಿಲ್ಲ. ಎದ್ದು ಹೋದೆ.