ಸ್ಪ್ರಿಂಗಿನ ಆಯುಸ್ಸು

ಅಮೆರಿಕೆಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗುರಿ ಹೊಡೆಯುವ ಹವ್ಯಾಸಕ್ಕೆಂದು ಹಳೆಯ ಪಿಸ್ತೂಲೊಂದನ್ನು ಕೊಂಡಿದ್ದಾನೆ. ಹಿಂದಿನ ಒಡೆಯ ಅದರಿಂದ ಎಷ್ಟು ಗುಂಡು ಹಾರಿಸಿದ್ದನೆಂಬ ಲೆಕ್ಕ ಯಾರಲ್ಲಿಯೂ ಇಲ್ಲ. "ಮೇಷ್ಟ್ರೇ, ಇದರೊಳಗಿನ ಸ್ಪ್ರಿಂಗನ್ನು ಯಾವಾಗ ಬದಲಿಸಬೇಕು? ಇಲ್ಲಿ ಹತ್ತು ಜನ ಹತ್ತು ಮಾತು ಹೇಳುತ್ತಾರೆ" ಎಂದು ಬರೆದಿದ್ದ. ಇತಿಹಾಸ ಹೇಳಿಕೊಟ್ಟವನನ್ನು ಕೇಳತಕ್ಕ ಪ್ರಶ್ನೆಯೇ ಇದು ಎಂದು ನೀವು ನಗಬಹುದು. ಆದರೆ ಈ ಪ್ರಶ್ನೆಗೆ ಉತ್ತರ ಹುಡುಕಲು ಮನುಷ್ಯನಿಗೆ ಇನ್ನೂರು ವರ್ಷಗಳಿಗೂ ಮಿಕ್ಕಿ ಹಿಡಿಯಿತು; ಆ ದಾರಿಯಲ್ಲಿ ರೈಲು ಉರುಳಿತು, ಜನ ಸತ್ತರು. ಆದ್ದರಿಂದ ಉತ್ತರವನ್ನು ಅವನೊಬ್ಬನಿಗೇ ಬರೆಯದೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಸ್ಪ್ರಿಂಗಿನ ಕೆಲಸವೇನೆಂದು ತಿಳಿಯೋಣ. ಕೋವಿ ಒದೆಯುತ್ತದೆ ಎಂಬುದು ಮಲೆನಾಡಿನ ಮಕ್ಕಳಿಗೆ ಹೇಳಿಕೊಡಬೇಕಾದ ವಿಷಯವಲ್ಲ. ತನ್ನಷ್ಟಕ್ಕೆ ತುಂಬಿಕೊಳ್ಳುವ ಪಿಸ್ತೂಲು ಆ ಒದೆತವನ್ನೇ ದುಡಿಸಿಕೊಳ್ಳುವ ಯಂತ್ರ. ಗುಂಡು ಹಾರಿದೊಡನೆ ನಳಿಕೆಯ ಮೇಲೆ ಹೊದಿಕೆಯಂತಿರುವ ಉಕ್ಕಿನ ಸ್ಲೈಡ್ ಹಿಂದಕ್ಕೆ ಧಾವಿಸುತ್ತದೆ. ಖಾಲಿ ತೋಟಾ ಹೊರಕ್ಕೆ ಚಿಮ್ಮುತ್ತದೆ. ಅಷ್ಟರಲ್ಲಿ ಒಂದು ಸುರುಳಿ ಸ್ಪ್ರಿಂಗು ಕುಗ್ಗಿ ಕುಳಿತಿರುತ್ತದೆ. ಮರುಕ್ಷಣ ಅದೇ ಸ್ಪ್ರಿಂಗು ಸ್ಲೈಡನ್ನು ಮುಂದಕ್ಕೆ ತಳ್ಳಿ, ಹೊಸ ತೋಟಾವನ್ನು ನಳಿಕೆಯೊಳಕ್ಕೆ ಸೇರಿಸಿ, ಬಾಯಿ ಮುಚ್ಚುತ್ತದೆ. ಹಿಂದೆ ಬರುವಾಗ ತಡೆಯಬೇಕು, ಮುಂದೆ ಹೋಗುವಾಗ ನೂಕಬೇಕು. ಇಡೀ ಯಂತ್ರದಲ್ಲಿ ಅತಿ ಅಗ್ಗದ ಭಾಗಗಳಲ್ಲಿ ಒಂದು ಇದು, ಅತಿ ಬೇಗ ದಣಿಯುವುದೂ ಇದೇ.

ಸ್ಪ್ರಿಂಗಿನ ಶಾಸ್ತ್ರ ಆರಂಭವಾದದ್ದು 17ನೆಯ ಶತಮಾನದ ಲಂಡನ್ನಿನಲ್ಲಿ. ರಾಬರ್ಟ್ ಹುಕ್ ಎಂಬ ಜಗಳಗಂಟ ಪಂಡಿತ ತನ್ನ ನಿಯಮವನ್ನು ಬೇರೆಯವರು ಕದ್ದಾರೆಂದು ಹೆದರಿ, 1676ರಲ್ಲಿ ಅದನ್ನು ಅಕ್ಷರಗಳನ್ನು ಕಲಸಿದ ಒಗಟಾಗಿ ಅಚ್ಚು ಹಾಕಿಸಿದ. ಎರಡು ವರ್ಷಗಳ ಅನಂತರ, 1678ರಲ್ಲಿ, ಒಗಟನ್ನು ಬಿಡಿಸಿ ಹೇಳಿದ. ಎಳೆತ ಎಷ್ಟೋ ಬಲವೂ ಅಷ್ಟೇ ಎಂಬುದು ಅದರ ತಾತ್ಪರ್ಯ. ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ನೀವೆಲ್ಲ ಸ್ಪ್ರಿಂಗ್ ತಕ್ಕಡಿಗೆ ತೂಕದ ಬಿಲ್ಲೆಗಳನ್ನು ಒಂದೊಂದಾಗಿ ತೂಗುಹಾಕಿ ನೋಡಿದ್ದು ಇದನ್ನೇ. ಮಿತಿ ಮೀರಿ ಎಳೆದರೆ ಸ್ಪ್ರಿಂಗು ಮರಳಿ ಮೊದಲಿನ ಉದ್ದಕ್ಕೆ ಬಾರದು ಎಂಬುದನ್ನೂ, ಮೇಷ್ಟರು ಅತ್ತ ತಿರುಗಿದಾಗ, ನಿಮ್ಮಲ್ಲಿ ಕೆಲವರು ಪ್ರಯೋಗ ಮಾಡಿ ಕಂಡುಕೊಂಡಿದ್ದಿರಿ.

ಹುಕ್‌ನ ನಿಯಮ ಎಷ್ಟು ಬಲ ಎಂಬುದನ್ನು ಹೇಳಿತು. ಎಷ್ಟು ಸಲ ಎಂಬುದನ್ನು ಹೇಳಲಿಲ್ಲ. ಅವನ ಕಾಲಕ್ಕೆ ಆ ಪ್ರಶ್ನೆಯ ಅಗತ್ಯವೂ ಅಷ್ಟಾಗಿ ಇರಲಿಲ್ಲ. ಒಂದೇ ಚಲನೆಯನ್ನು ಲಕ್ಷಾಂತರ ಸಲ ಪುನರಾವರ್ತಿಸುವ ಭಾರೀ ಯಂತ್ರಗಳು ಆಗಿನ್ನೂ ಹುಟ್ಟಿರಲಿಲ್ಲ.

ರೈಲು ಬಂದಮೇಲೆ ಪ್ರಶ್ನೆ ತಾನಾಗಿ ಬಂತು. 1842ರ ಮೇ 8ರಂದು ವರ್ಸೇಲ್ಸ್‌ನಿಂದ ಪ್ಯಾರಿಸ್ಸಿಗೆ ಮರಳುತ್ತಿದ್ದ, ಜನ ಕಿಕ್ಕಿರಿದಿದ್ದ ರೈಲಿನ ಇಂಜಿನ್ನಿನ ಅಚ್ಚು ಮುರಿಯಿತು. ಹಿಂದಿನ ಡಬ್ಬಿಗಳು ಒಂದರ ಮೇಲೊಂದು ಏರಿ ಬೆಂಕಿ ಹತ್ತಿತು. ಐವತ್ತಕ್ಕೂ ಹೆಚ್ಚು ಜನ ಸತ್ತರು. ದಕ್ಷಿಣ ಧ್ರುವದ ಸಮುದ್ರಗಳನ್ನು ಸುತ್ತಿ ಬದುಕಿ ಬಂದಿದ್ದ ನಾವಿಕ ದ್ಯುಮೋ ದ್ಯುರ್ವಿಲ್ ತನ್ನ ಹೆಂಡತಿ ಮತ್ತು ಮಗನೊಡನೆ ಈ ರೈಲಿನಲ್ಲಿ ಸುಟ್ಟುಹೋದ. ಭಾರ ಹೊರಲು ಸಮರ್ಥವಾದ ಗಟ್ಟಿ ಅಚ್ಚು, ಹಲವು ಕಾಲ ಅದೇ ಭಾರವನ್ನು ಹೊತ್ತ ಮೇಲೆ, ಒಂದು ದಿನ ಇದ್ದಕ್ಕಿದ್ದಂತೆ ಏಕೆ ಮುರಿಯಬೇಕು? ಲೋಹವೂ ದಣಿಯುತ್ತದೆಯೇ?

ದಣಿಯುತ್ತದೆ ಎಂದು ಲೆಕ್ಕಹಾಕಿ ತೋರಿಸಿದವನು ಪ್ರಷ್ಯಾದ ರೈಲ್ವೆ ಇಂಜಿನಿಯರ್ ಆಗಸ್ಟ್ ವೋಲರ್. 1850ರ ದಶಕದ ಕೊನೆಯಿಂದ 1870ರವರೆಗೆ ಅವನು ಅಚ್ಚುಗಳನ್ನು ಯಂತ್ರದಲ್ಲಿ ತಿರುಗಿಸಿ, ಬಾಗಿಸಿ, ಎಷ್ಟನೆಯ ಸುತ್ತಿಗೆ ಮುರಿಯುತ್ತದೆಂದು ಎಣಿಸುತ್ತ ಕುಳಿತ. ಒಂದೇ ಸಲಕ್ಕೆ ಮುರಿಯಲು ಬೇಕಾದ ಬಲಕ್ಕಿಂತ ಎಷ್ಟೋ ಕಡಿಮೆ ಬಲವನ್ನು ಮತ್ತೆ ಮತ್ತೆ ಹೇರಿದರೆ ಲೋಹ ಮುರಿಯುತ್ತದೆ. ಬಲ ಕಡಿಮೆಯಾದಂತೆ ಆವೃತ್ತಿಗಳ ಸಂಖ್ಯೆ ಹೆಚ್ಚುತ್ತದೆ. ಇಷ್ಟೇ ಅವನ ಉತ್ತರ. ಅದನ್ನು ಪಡೆಯಲು ಹತ್ತಾರು ವರ್ಷ ಕುಳಿತು ಎಣಿಸಿದವನ ತಾಳ್ಮೆ ನನಗೆ ಹುಕ್‌ನ ಪ್ರತಿಭೆಗಿಂತ ದೊಡ್ಡದಾಗಿ ಕಾಣುತ್ತದೆ. ಲೋಹದ ಆಯುಸ್ಸನ್ನು ವರ್ಷಗಳಲ್ಲಿ ಅಲ್ಲ, ಆವೃತ್ತಿಗಳಲ್ಲಿ ಅಳೆಯಬೇಕು ಎಂಬುದು ಅಲ್ಲಿಂದ ಸ್ಥಿರವಾಯಿತು.

ಈಗ ಕೋವಿಯ ಕಡೆಗೆ ತಿರುಗೋಣ. ಒದೆತವನ್ನು ದುಡಿಸಿಕೊಂಡು ತನ್ನಷ್ಟಕ್ಕೆ ಗುಂಡು ಹಾರಿಸುವ ಮೊದಲ ಯಶಸ್ವಿ ಮೆಷಿನ್‌ಗನ್ನನ್ನು ಹೈರಮ್ ಮ್ಯಾಕ್ಸಿಮ್ ಲಂಡನ್ನಿನಲ್ಲಿ 1884ರಲ್ಲಿ ತಯಾರಿಸಿದ. ಅದರ ಮಗ್ಗುಲಿನ ಪೆಟ್ಟಿಗೆಯಲ್ಲಿ ಒಂದು ಎಳೆತದ ಸ್ಪ್ರಿಂಗು. ಮೊದಲನೆಯ ಮಹಾಯುದ್ಧದಲ್ಲಿ ಮ್ಯಾಕ್ಸಿಮ್‌ನ ವಂಶಕ್ಕೇ ಸೇರಿದ ವಿಕರ್ಸ್ ಗನ್ನಿನ ಸಿಪಾಯಿಗಳು ಈ ಸ್ಪ್ರಿಂಗನ್ನು ಕೊಕ್ಕೆಯ ತಕ್ಕಡಿಯಿಂದ ತೂಗಿ ನೋಡುತ್ತಿದ್ದರು. ಬಿಗಿ ಕಡಿಮೆಯಾಗಿದ್ದರೆ ತಿರುಪು ತಿರುಗಿಸಿ ಸರಿಪಡಿಸುತ್ತಿದ್ದರು. ನಮ್ಮ ಪ್ರಯೋಗಾಲಯದ ತಕ್ಕಡಿಗೂ ಕಂದಕದ ಸಿಪಾಯಿಯ ಕೈಯಲ್ಲಿದ್ದ ತಕ್ಕಡಿಗೂ ತತ್ವದಲ್ಲಿ ಭೇದವಿಲ್ಲ. ಹುಕ್‌ನ ನಿಯಮ ಯುದ್ಧಭೂಮಿಯಲ್ಲಿ ನಿತ್ಯದ ಕಸುಬಾದದ್ದು ಹೀಗೆ.

ಪಿಸ್ತೂಲಿನಲ್ಲಿ ಅಂಥ ತಿರುಪಿಗೆ ಜಾಗವಿಲ್ಲ. 1893ರ ಬೋರ್ಖಾರ್ಟ್ ಪಿಸ್ತೂಲಿನ ಸ್ಪ್ರಿಂಗು ಹಿಂಬದಿಯ ಗೂನಿನಂಥ ಗೂಡಿನಲ್ಲಿ ಅಡಗಿತ್ತು; ಆ ಗೂನಿನಿಂದಾಗಿ ಅದನ್ನು ಹಿಡಿಯುವುದೇ ಕಷ್ಟ. ಅದನ್ನು ತಿದ್ದಿ ಚಂದಗೊಳಿಸಿದ ಲೂಗರ್ ಪಿಸ್ತೂಲಿನಲ್ಲಿ ಮೊದಲಿಗೆ ಹಿಡಿಯೊಳಗೆ ಚಪ್ಪಟೆಯಾದ ಪಟ್ಟಿ ಸ್ಪ್ರಿಂಗನ್ನು ಇಟ್ಟಿದ್ದರು. 1906ರ ಮಾದರಿಯಲ್ಲಿ ಅದನ್ನು ತೆಗೆದು ಸುರುಳಿ ಸ್ಪ್ರಿಂಗನ್ನು ಹಾಕಿದರು. ಪಟ್ಟಿ ಒಂದೆಡೆ ಬಾಗಿ ಅಲ್ಲಿಯೇ ಶ್ರಮಪಡುತ್ತದೆ. ಸುರುಳಿಯಾದರೋ ಶ್ರಮವನ್ನು ತಂತಿಯ ಇಡೀ ಉದ್ದಕ್ಕೆ ಹಂಚಿಕೊಳ್ಳುತ್ತದೆ.

ಇಂದಿನ ರೂಪವನ್ನು ಕೊಟ್ಟವನು ಅಮೆರಿಕೆಯ ಯೂಟಾ ಪ್ರಾಂತದ ಆಗ್ಡೆನ್ ಊರಿನ ಜಾನ್ ಬ್ರೌನಿಂಗ್. ನಳಿಕೆಯನ್ನು ಮುಚ್ಚಿಕೊಂಡು ಹಿಂದೆ ಮುಂದೆ ಸರಿಯುವ ಸ್ಲೈಡ್ ಇವನದೇ ಕಲ್ಪನೆ. ಬೆಲ್ಜಿಯಮ್ಮಿನ ಎಫ್‌ಎನ್ ಕಾರ್ಖಾನೆ ತಯಾರಿಸಿದ 1900ರ ಮಾದರಿಯಲ್ಲಿ ಸ್ಪ್ರಿಂಗು ನಳಿಕೆಯ ಮೇಲ್ಗಡೆ ಇತ್ತು, ಅದೇ ಸ್ಪ್ರಿಂಗು ಗುಂಡಿಗೆ ಹೊಡೆಯುವ ಮೊಳೆಯನ್ನೂ ನೂಕುತ್ತಿತ್ತು. 1910ರ ಮಾದರಿಯಲ್ಲಿ ಸ್ಪ್ರಿಂಗನ್ನು ನಳಿಕೆಯ ಸುತ್ತಲೇ ಬಳೆಯಂತೆ ತೊಡಿಸಿದ. ಪಿಸ್ತೂಲು ಇನ್ನಷ್ಟು ಸಣ್ಣದಾಯಿತು. 1914ರ ಜೂನ್ 28ರಂದು ಸರಯೇವೋದಲ್ಲಿ ಗಾವ್ರಿಲೋ ಪ್ರಿನ್ಸಿಪ್ ಆಸ್ಟ್ರಿಯಾದ ಯುವರಾಜ ದಂಪತಿಗಳನ್ನು ಕೊಂದದ್ದು ಈ ಮಾದರಿಯ ಪಿಸ್ತೂಲಿನಿಂದ. ಹತ್ತನೆಯ ತರಗತಿಯಲ್ಲಿ ಮಹಾಯುದ್ಧದ ಕಾರಣಗಳನ್ನು ನೀವು ಕಂಠಪಾಠ ಮಾಡುತ್ತಿದ್ದಿರಲ್ಲ, ಅವುಗಳಲ್ಲಿ ತಕ್ಷಣದ ಕಾರಣ ಇದೇ.

ಬ್ರೌನಿಂಗನ ಕೈಯಿಂದ ಬಂದ ಕೋಲ್ಟ್ .45 ಪಿಸ್ತೂಲನ್ನು ಅಮೆರಿಕೆಯ ಸೈನ್ಯ 1911ರ ಮಾರ್ಚ್ ತಿಂಗಳಲ್ಲಿ ಪರೀಕ್ಷಿಸಿತು. ಒಂದೇ ಪಿಸ್ತೂಲಿನಿಂದ 6000 ಗುಂಡು. ನೂರು ಗುಂಡಿಗೊಮ್ಮೆ ತಣಿಯಲು ಬಿಡುವು, ಸಾವಿರಕ್ಕೊಮ್ಮೆ ಒರೆಸಿ ಎಣ್ಣೆ. ಪ್ರತಿಸ್ಪರ್ಧಿಯಾದ ಸ್ಯಾವೇಜ್ ಕಂಪನಿಯ ಪಿಸ್ತೂಲು 37 ಸಲ ತಡವರಿಸಿತು. ಕೋಲ್ಟ್ ಒಂದು ಸಲವೂ ಇಲ್ಲ. ಮಾರ್ಚ್ 29ರಂದು ಸೈನ್ಯ ಅದನ್ನು ಅಂಗೀಕರಿಸಿತು. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಕೇಳುವವರು ಪಿಸ್ತೂಲಿಗೆ ಸಾವಿಲ್ಲವೆಂದುಕೊಳ್ಳುತ್ತಾರೆ. ಆದರೆ ಹೊಸ ಯಂತ್ರವೊಂದು ಕೆಲವೇ ದಿನಗಳಲ್ಲಿ ಎಷ್ಟು ದುಡಿಯಬಲ್ಲುದೆಂಬುದು ಮಾತ್ರ ಆ ಪರೀಕ್ಷೆಯಿಂದ ತಿಳಿಯುತ್ತದೆ. ಉಳಿದ ಕಥೆ ಅಷ್ಟಾಗಿ ಯಾರ ಬಾಯಲ್ಲಿಯೂ ಇಲ್ಲ. 1945ರ ಅನಂತರ ಅಮೆರಿಕೆಯ ಸೈನ್ಯ ಈ ಪಿಸ್ತೂಲನ್ನು ಹೊಸದಾಗಿ ಕೊಳ್ಳಲಿಲ್ಲ; ಆದರೂ 1985ರಲ್ಲಿ ಬೆರೆಟ್ಟಾ ಬರುವವರೆಗೆ ಅದೇ ಅದರ ಮುಖ್ಯ ಪಿಸ್ತೂಲಾಗಿತ್ತು. ನಲವತ್ತು ವರ್ಷ ಅದು ಬದುಕಿದ್ದು ಶಸ್ತ್ರಾಗಾರಗಳಲ್ಲಿ ಮತ್ತೆ ಮತ್ತೆ ಬಿಚ್ಚಿ, ಸವೆದದ್ದನ್ನು ತೆಗೆದು, ಹೊಸದನ್ನು ಹಾಕಿ ಜೋಡಿಸಿದ ಕೈಗಳಿಂದ.

ಆ ಕೈಗಳ ಅನುಭವದಿಂದ ಬಂದದ್ದೇ ಇಂದಿನ ವಾಡಿಕೆಯ ಲೆಕ್ಕ. ಐದು ಅಂಗುಲ ನಳಿಕೆಯ .45 ಕೋಲ್ಟಿಗೆ ಸಾಮಾನ್ಯವಾಗಿ 16 ಪೌಂಡಿನ, ಎಂದರೆ ಸುಮಾರು ಏಳೂಕಾಲು ಕಿಲೋ ಬಲದ ಸ್ಪ್ರಿಂಗು. ಅದನ್ನು ಎರಡು ಮೂರು ಸಾವಿರ ಗುಂಡುಗಳಿಗೊಮ್ಮೆ ಬದಲಿಸುವುದು ರೂಢಿ. ಗಿಡ್ಡ ನಳಿಕೆಯ ಪಿಸ್ತೂಲಿನಲ್ಲಿ ಸ್ಪ್ರಿಂಗಿಗೆ ಜಾಗ ಕಡಿಮೆ, ಕುಗ್ಗುವಿಕೆ ಹೆಚ್ಚು. ವೋಲರ್ ಹೇಳಿದಂತೆಯೇ ಅದರ ಆಯುಸ್ಸು ಮೊಟಕಾಗುತ್ತದೆ, ಕೆಲವಕ್ಕೆ ಸಾವಿರ ಗುಂಡೇ ಹೆಚ್ಚು. ಒಂದರೊಳಗೊಂದು ಎರಡು ಸ್ಪ್ರಿಂಗುಗಳಿರುವ ಈಚಿನ ಪಿಸ್ತೂಲುಗಳಲ್ಲಿ ಐದು ಸಾವಿರದವರೆಗೂ ಬರುವುದುಂಟು. ತಯಾರಕರು ಕೈಪಿಡಿಯಲ್ಲಿ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಪ್ರಮಾಣ.

ದಣಿದ ಸ್ಪ್ರಿಂಗನ್ನು ಹಾಗೆಯೇ ಬಿಟ್ಟರೆ ಏನಾಗುತ್ತದೆ? ಸ್ಲೈಡ್ ತಡೆಯಿಲ್ಲದೆ ಹಿಂದೆ ಬಂದು ಚೌಕಟ್ಟಿಗೆ ಬಡಿಯುತ್ತದೆ. ಪ್ರತಿ ಗುಂಡಿಗೂ ಸುತ್ತಿಗೆಯ ಒಂದೊಂದು ಏಟು. ಕೊನೆಗೆ ಚೌಕಟ್ಟೇ ಬಿರಿಯಬಹುದು. 1987ರಲ್ಲಿ ಕೋಲ್ಟ್ ಕಂಪನಿ ಅದೇ ಹಳೆಯ ವಿನ್ಯಾಸಕ್ಕೆ ಹೆಚ್ಚು ಬಿರುಸಾದ 10 ಮಿ.ಮೀ. ತೋಟಾವನ್ನು ಹೊಂದಿಸಿ ಡೆಲ್ಟಾ ಎಲೀಟ್ ಎಂಬ ಪಿಸ್ತೂಲನ್ನು ಹೊರತಂದಾಗ, ಎರಡು ಸ್ಪ್ರಿಂಗು ಹಾಕಿದ್ದರೂ ಕೆಲವು ಪಿಸ್ತೂಲುಗಳ ಚೌಕಟ್ಟಿನಲ್ಲಿ ಒಂದು ತೆಳುವಾದ ಜಾಗ ಬಿರಿಯಿತು; ಕಂಪನಿ ಮುಂದೆ ಆ ತೆಳು ಭಾಗವನ್ನೇ ಕತ್ತರಿಸಿ ತೆಗೆಯಿತು. ಹಾಗಾದರೆ ಸ್ಪ್ರಿಂಗನ್ನು ಬೇಕಾದಷ್ಟು ಬಿಗಿ ಮಾಡಿಬಿಟ್ಟರಾಯಿತಲ್ಲ ಎನ್ನುವವರಿಗೆ ಆಸ್ಟ್ರಿಯಾದ ಗ್ಲಾಕ್ ಉತ್ತರವಾಗಿದೆ. 2010ರಲ್ಲಿ ಬಂದ ಅದರ ನಾಲ್ಕನೆಯ ಪೀಳಿಗೆಯ 9 ಮಿ.ಮೀ. ಪಿಸ್ತೂಲುಗಳಲ್ಲಿ ಮೊದಲ ಸ್ಪ್ರಿಂಗು ಹಗುರವಾದ ತೋಟಾಗಳಿಗೆ ಹೆಚ್ಚಾಯಿತು. ಸ್ಲೈಡ್ ಪೂರ್ತಿ ಹಿಂದೆ ಬಾರದೆ ಖಾಲಿ ತೋಟಾ ಸಿಕ್ಕಿಕೊಳ್ಳತೊಡಗಿತು. 2011ರಲ್ಲಿ ಕಂಪನಿ ಆ ಸ್ಪ್ರಿಂಗುಗಳನ್ನು ಪುಕ್ಕಟೆಯಾಗಿ ಬದಲಿಸಿಕೊಟ್ಟಿತು. ಅಗ್ಗದ ಭಾಗವೆಂದು ಹೇಳಿದೆನಲ್ಲ, ಅದರ ತೂಕ ಇಷ್ಟು.

ಲೆಕ್ಕ ಇಟ್ಟಿಲ್ಲದವನು ಏನು ಮಾಡಬೇಕು? ಪಿಸ್ತೂಲೇ ಕೆಲವು ಸೂಚನೆ ಕೊಡುತ್ತದೆ. ಮೊದಲೆಲ್ಲ ಐದಾರು ಅಡಿ ದೂರ ಬೀಳುತ್ತಿದ್ದ ಖಾಲಿ ತೋಟಾ ಈಗ ಹದಿನೈದು ಅಡಿ ದೂರ ಚಿಮ್ಮಿದರೆ, ಕೈಗೆ ಬಡಿತ ಹೆಚ್ಚಾಯಿತೆನ್ನಿಸಿದರೆ, ಸ್ಲೈಡ್ ಕೊನೆಯ ಕಾಲಂಗುಲ ಮುಚ್ಚದೆ ನಿಂತರೆ ಸ್ಪ್ರಿಂಗನ್ನು ಸಂಶಯಿಸಬೇಕು. ಬಿಚ್ಚಿ ಹೊಸದರ ಪಕ್ಕದಲ್ಲಿಟ್ಟು ನೋಡಿದರೆ ಹಳೆಯದು ಗಿಡ್ಡವಾಗಿರುತ್ತದೆ. ಬಳಕೆಯ ಮೊದಮೊದಲಿಗೆ ಸ್ವಲ್ಪ ಗಿಡ್ಡವಾಗುವುದು ಸಹಜವಾದ್ದರಿಂದ ಅಷ್ಟನ್ನೇ ನೋಡಿ ಗಾಬರಿಪಡಬಾರದು. ಗ್ಲಾಕ್ ಬಗೆಯ ಪಿಸ್ತೂಲುಗಳಿಗೆ ಒಂದು ಸರಳ ಪರೀಕ್ಷೆಯಿದೆ. ಮ್ಯಾಗಝೀನ್ ತೆಗೆದು, ನಳಿಕೆ ಖಾಲಿಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಎರಡೆರಡು ಸಲ ಖಚಿತ ಮಾಡಿಕೊಂಡು, ಮೂತಿಯನ್ನು ಅಪಾಯವಿಲ್ಲದ ದಿಕ್ಕಿನಲ್ಲಿ ಮೇಲಕ್ಕೆ ಮಾಡಿ, ಕುದುರೆಯನ್ನು ಒತ್ತಿ ಹಿಡಿದಿರುವಂತೆಯೇ ಸ್ಲೈಡನ್ನು ಹಿಂದೆಳೆದು ಮೆಲ್ಲಗೆ ಬಿಡುತ್ತ ಬರಬೇಕು. ಸ್ಪ್ರಿಂಗಿನಲ್ಲಿ ಜೀವವಿದ್ದರೆ ಅದು ಸ್ಲೈಡಿನ ಭಾರವನ್ನೆತ್ತಿ ಪೂರ್ತಿ ಮುಚ್ಚುತ್ತದೆ. ಇಲ್ಲದಿದ್ದರೆ ನಡುವೆಯೇ ನಿಲ್ಲುತ್ತದೆ.

ನಮ್ಮ ದೇಶದಲ್ಲಿ ಇದೆಲ್ಲ ಯಾರಿಗೆ ಬೇಕು ಎನ್ನಬೇಡಿ. ಬಂಗಾಳದ ಈಶಾಪುರದ ರೈಫಲ್ ಕಾರ್ಖಾನೆ ನಮ್ಮ ಸೈನ್ಯಕ್ಕಾಗಿ ತಯಾರಿಸಿದ 9 ಮಿ.ಮೀ. ಪಿಸ್ತೂಲು ಬ್ರೌನಿಂಗ್ ಆರಂಭಿಸಿ, 1926ರಲ್ಲಿ ಅವನು ತೀರಿಕೊಂಡ ಮೇಲೆ ಬೆಲ್ಜಿಯಮ್ಮಿನ ಸೇವ್ ಪೂರ್ಣಗೊಳಿಸಿದ ವಿನ್ಯಾಸದ ವಂಶದ್ದು. ನಾಗರಿಕರಿಗೆ 9 ಮಿ.ಮೀ. ನಿಷಿದ್ಧ; ಪರವಾನಗಿದಾರರಿಗೆ ಸರ್ಕಾರಿ ಕಾರ್ಖಾನೆಗಳು ಮಾರಿದ .32 ಪಿಸ್ತೂಲು ನುಂಗುವುದು ಬ್ರೌನಿಂಗ್ 1900ರ ಮಾದರಿಗೆಂದೇ ರೂಪಿಸಿದ ತೋಟಾವನ್ನು. ನಮ್ಮ ನೆಂಟರಿಷ್ಟರಲ್ಲಿಯೂ ಅಂಥ ಪಿಸ್ತೂಲು ಇಟ್ಟುಕೊಂಡವರಿದ್ದಾರೆ. ವರ್ಷಕ್ಕೆ ಹತ್ತು ಗುಂಡೂ ಹಾರಿಸದವರು ಅವರು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ತಂದು ಮತ್ತೆ ಬೀರುವಿನಲ್ಲಿಡುತ್ತಾರೆ. ಅವರ ಸ್ಪ್ರಿಂಗು ಇಪ್ಪತ್ತು ವರ್ಷ ಸುಮ್ಮನೆ ಮಲಗಿದ್ದರೂ ದಣಿಯುವುದಿಲ್ಲ, ಏಕೆಂದರೆ ಆವೃತ್ತಿಗಳೇ ನಡೆದಿಲ್ಲ. ಅವರು ನೋಡಬೇಕಾದದ್ದು ತುಕ್ಕನ್ನು. ಆಗುಂಬೆ, ಮಡಿಕೇರಿಗಳ ಕಡೆಯ ಮಳೆಗಾಲದಲ್ಲಿ ಎಣ್ಣೆ ಕಾಣದ ತಂತಿಯ ಮೇಲೆ ತುಕ್ಕು ಸಣ್ಣ ಗುಳಿಗಳನ್ನು ಕೊರೆಯುತ್ತದೆ, ಆ ಗುಳಿಯಿಂದಲೇ ಬಿರುಕು ಹೊರಡುತ್ತದೆ. ಅಂಥ ಸ್ಪ್ರಿಂಗು ಲೆಕ್ಕಕ್ಕೆ ಕಾಯದೆ ಮುರಿಯುತ್ತದೆ.

ಅಮೆರಿಕೆಯ ನನ್ನ ವಿದ್ಯಾರ್ಥಿಗೆ ನಾನು ಬರೆದ ಉತ್ತರ ಚಿಕ್ಕದು. ಲೆಕ್ಕವಿಲ್ಲದ ಹಳೆಯ ಪಿಸ್ತೂಲು ಕೊಂಡಾಗ ಮೊದಲ ದಿನವೇ ಹೊಸ ಸ್ಪ್ರಿಂಗು ಹಾಕು, ಕಾರ್ಖಾನೆ ಹೇಳಿದ ಬಲದ್ದನ್ನೇ ಹಾಕು, ಅದೇ ದಿನದ ತಾರೀಖು ಬರೆದು ಒಂದು ನೋಟ್ ಪುಸ್ತಕ ಆರಂಭಿಸಿ ಪ್ರತಿ ಸಲ ಹಾರಿಸಿದ ಗುಂಡುಗಳನ್ನು ಅದರಲ್ಲಿ ಎಣಿಸಿಡು. ಚೌಕಟ್ಟಿನ ಒಳಮೈಯಲ್ಲಿ ಬಿರುಕಿದೆಯೇ ಎಂದು ತಿಳಿದವರಿಗೆ ತೋರಿಸು. ಕೆಲವರು ಹಳೆಯ ಸ್ಪ್ರಿಂಗನ್ನು ಕೈಯಿಂದ ಎಳೆದು ಉದ್ದಮಾಡಿ ಮತ್ತೆ ಹಾಕುತ್ತಾರೆ. ಉದ್ದವೇನೋ ಬರುತ್ತದೆ, ಕಳೆದ ಬಲ ಬರುವುದಿಲ್ಲ, ನೂರಿನ್ನೂರು ಗುಂಡಿಗೆ ಮತ್ತೆ ಕುಸಿಯುತ್ತದೆ. ತೆಗೆದ ಸ್ಪ್ರಿಂಗನ್ನು ಹೊಸದರ ಡಬ್ಬಿಯಲ್ಲಿ ಇಡದೆ ಅಂದೇ ಕಸಕ್ಕೆ ಹಾಕು, ಎರಡೂ ಒಂದೇ ಥರ ಕಾಣುತ್ತವೆ.