ಬಡತನದ ರೇಖೆಯ ಪೂರ್ವಚರಿತ್ರೆ

ಹಿಂದುಳಿದ ರಾಷ್ಟ್ರಗಳ ಅಭಿವೃದ್ಧಿಯನ್ನು ಕುರಿತ ಶಾಸ್ತ್ರವು ಎರಡನೆಯ ಮಹಾಯುದ್ಧದ ತರುವಾಯ ಹುಟ್ಟಿತೆಂದು ಪಠ್ಯಗ್ರಂಥಗಳು ಸಾಮಾನ್ಯವಾಗಿ ಹೇಳುತ್ತವೆ. 1949ರ ಜನವರಿ 20ರಂದು ಅಮೆರಿಕದ ಅಧ್ಯಕ್ಷ ಟ್ರೂಮನ್ ಮಾಡಿದ ಭಾಷಣ, 1954ರಲ್ಲಿ ಪ್ರಕಟವಾದ ಆರ್ಥರ್ ಲೂಯಿಸ್ ಅವರ ಪ್ರಬಂಧ, 1960ರ ರೋಸ್ಟೋ ಅವರ ಗ್ರಂಥ, ಈ ಕ್ರಮದಲ್ಲಿ ವಿಷಯವು ನಿರೂಪಿತವಾಗುತ್ತದೆ. ಬಡತನವನ್ನು ಅಳೆಯುವ ಕಾರ್ಯವಾದರೋ ಇನ್ನೂ ಈಚಿನದೆಂಬ ಭಾವನೆಯುಂಟು. ಈ ಕಾಲಗಣನೆಯನ್ನು ನಾವು ಒಪ್ಪಲಾರೆವು.

1876ರಲ್ಲಿ ದಾದಾಭಾಯಿ ನವರೋಜಿಯವರು ಈಸ್ಟ್ ಇಂಡಿಯಾ ಅಸೋಸಿಯೇಷನ್ನಿನ ಮುಂಬಯಿ ಶಾಖೆಯ ಮುಂದೆ ಭಾರತದ ಬಡತನವನ್ನು ಕುರಿತು ಪ್ರಬಂಧವೊಂದನ್ನು ಓದಿದರು. ದೇಶದ ಉತ್ಪನ್ನವು ತಲೆಯೊಂದಕ್ಕೆ ಎಷ್ಟು ಬೀಳುತ್ತದೆ, ಮನುಷ್ಯನೊಬ್ಬನು ಬದುಕಿರಲು ಎಷ್ಟು ಬೇಕು ಎಂಬೆರಡು ಪ್ರಶ್ನೆಗಳನ್ನು ಅವರು ಎತ್ತಿಕೊಂಡರು. ಪ್ರಾಂತವಾರು ಬೆಳೆಗಳ ವಿಸ್ತೀರ್ಣ, ಇಳುವರಿ, ಧಾರಣೆಗಳನ್ನು ಕೂಡಿಸಿ ಮೊದಲನೆಯದಕ್ಕೆ ದೊರೆತ ಉತ್ತರ ವರ್ಷಕ್ಕೆ ಸುಮಾರು 20 ರೂಪಾಯಿ. ಎರಡನೆಯದಕ್ಕೆ ಅವರು ಆರಿಸಿಕೊಂಡ ಆಧಾರವು ಗಮನಾರ್ಹವಾದುದು: ಹೊರದೇಶಗಳಿಗೆ ಹೋಗುವ ಕೂಲಿಗಳಿಗೆ ಹಡಗಿನಲ್ಲಿ ಕೊಡಬೇಕೆಂದು ಗೊತ್ತುಪಡಿಸಿದ್ದ ಆಹಾರ, ಮತ್ತು ಸೆರೆಮನೆಗಳಲ್ಲಿ ಕೈದಿಗಳ ಅನ್ನವಸ್ತ್ರಗಳಿಗೆ ಆಗುತ್ತಿದ್ದ ಖರ್ಚು. 1867–68ರ ಧಾರಣೆಯಂತೆ ಈ ಮಾರ್ಗದಿಂದ ಹೊರಟ ಮೊತ್ತವು ಪ್ರದೇಶಭೇದದಿಂದ 16ರಿಂದ 35 ರೂಪಾಯಿ. ಅಳತೆಗೋಲು ಸರ್ಕಾರದ್ದೇ ಆದುದರಿಂದ ಅದನ್ನು ಸುಳ್ಳೆನ್ನಲು ಸರ್ಕಾರಕ್ಕೆ ಎಡೆಯಿರಲಿಲ್ಲ. ಕೈದಿಗೆ ಕಾನೂನು ಒದಗಿಸುವಷ್ಟು ಅನ್ನವು ತಪ್ಪಿತಸ್ಥನಲ್ಲದ ರೈತನ ಪಾಲಿಗೆ ಹಲವೆಡೆ ಬಾರದು ಎಂಬುದೇ ಅವರ ವಾದದ ತಿರುಳು.

ಆಕ್ಷೇಪಣೆಗಳು ಬಾರದೆ ಇರಲಿಲ್ಲ. ವ್ಯಾಪಾರ, ರೈಲುಮಾರ್ಗಗಳಿಂದ ಸಂಪತ್ತು ಹೆಚ್ಚುವುದನ್ನು ಅವರು ಲೆಕ್ಕಕ್ಕೆ ತಂದಿಲ್ಲವೆಂದು 1880ರಲ್ಲಿ ಇಂಡಿಯಾ ಆಫೀಸಿನ ಡ್ಯಾನ್ವರ್ಸ್ ವಾದಿಸಿದರು. ಗೋಧಿಯನ್ನು ಒಂದೂರಿನಿಂದ ಇನ್ನೊಂದೂರಿಗೆ ಸಾಗಿಸಿದ ಮಾತ್ರಕ್ಕೆ ಗೋಧಿ ಹೆಚ್ಚದು ಎಂಬ ಧಾಟಿಯಲ್ಲಿ ನವರೋಜಿಯವರು ಉತ್ತರಿಸಿದರು. ಇಂದಿನ ರಾಷ್ಟ್ರೀಯ ವರಮಾನ ಶಾಸ್ತ್ರದ ದೃಷ್ಟಿಯಿಂದ ಈ ಅಂಶದಲ್ಲಿ ಡ್ಯಾನ್ವರ್ಸರ ಮಾತಿಗೇ ತೂಕ ಹೆಚ್ಚು. ಸಂಪತ್ತಿನ ಸೋರಿಕೆಯೊಂದರಿಂದಲೇ ಎಲ್ಲ ದಾರಿದ್ರ್ಯವನ್ನೂ ವಿವರಿಸಹೊರಟುದೂ ಅತಿಯಾಯಿತು. ಜಮೀನ್ದಾರಿ, ಸಾಹುಕಾರಿ, ಜಾತಿಗಳ ಪಾತ್ರವು ಅವರ ಲೆಕ್ಕದಲ್ಲಿ ತೀರ ಕಿರಿದು. ಆದರೆ ಬಡತನದ ಅಳತೆಯನ್ನೂ ಅದರ ಕಾರಣದ ವಿಚಾರವನ್ನೂ ಅವರು ಬೇರ್ಪಡಿಸಲಿಲ್ಲ. 1901ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವರ ಬೃಹದ್ಗ್ರಂಥದ ಹೆಸರಿನಲ್ಲಿಯೇ ಬಡತನವೂ ಆಳ್ವಿಕೆಯೂ ಒಟ್ಟಿಗೆ ನಿಂತಿವೆ.

ಯುದ್ಧೋತ್ತರ ಸಿದ್ಧಾಂತಗಳಲ್ಲಿ ಈ ನಂಟು ಸಡಿಲವಾಯಿತು. ರೋಸ್ಟೋ ಅವರು ಬ್ರಿಟನ್ನಿನ ನೆಗೆತದ ಕಾಲವನ್ನು 1783–1802 ಎಂದೂ, ಭಾರತದ್ದು 1952ರಿಂದ ಮೊದಲಾಯಿತೆಂದೂ ಗುರುತಿಸಿದರು. ಒಂದೇ ಮೆಟ್ಟಿಲುಗಳನ್ನು ಹಿಂದುಮುಂದಾಗಿ ಏರುತ್ತಿರುವ ಪಯಣಿಗರಂತೆ ರಾಷ್ಟ್ರಗಳು ಅಲ್ಲಿ ತೋರುತ್ತವೆ. ಮೊದಲು ಏರಿದವನು 1765ರಲ್ಲಿ ಬಂಗಾಳದ ದಿವಾನಿಯನ್ನು ಪಡೆದಿದ್ದನೆಂಬ ಸಂಗತಿ ಗೌಣವಾಗಿ ಹೋಗುತ್ತದೆ. ಲ್ಯಾಟಿನ್ ಅಮೆರಿಕದ ಪ್ರೆಬಿಷ್ ಅವರು 1950ರಲ್ಲಿ ವಿದೇಶ ವ್ಯಾಪಾರದ ದರಗಳನ್ನು ಹಿಡಿದು ಇದೇ ಪ್ರಶ್ನೆಯನ್ನು ಬೇರೊಂದು ರೂಪದಲ್ಲಿ ಎತ್ತಿದರೆಂಬುದನ್ನು ಇಲ್ಲಿ ನೆನೆಯಬೇಕು.

ಸ್ವತಂತ್ರ ಭಾರತದಲ್ಲಿ ಅಳತೆಯು ಮತ್ತೆ ಬಂದಿತು. ಆದರೆ ಪ್ರಭುತ್ವದ ಮೇಲಿನ ಆಪಾದನೆಯಾಗಿ ಅಲ್ಲ, ಪ್ರಭುತ್ವದ ಉಪಕರಣವಾಗಿ. 1962ರಲ್ಲಿ ತಜ್ಞರ ತಂಡವೊಂದು 1960–61ರ ಧಾರಣೆಯಲ್ಲಿ ತಲೆಗೆ ತಿಂಗಳಿಗೆ 20 ರೂಪಾಯಿಯ ಕನಿಷ್ಠ ವೆಚ್ಚವನ್ನು ಸೂಚಿಸಿತು. 1979ರಲ್ಲಿ ಯೋಜನಾ ಆಯೋಗದ ಕಾರ್ಯತಂಡವು ದಿನಕ್ಕೆ ಗ್ರಾಮದಲ್ಲಿ 2400, ಪಟ್ಟಣದಲ್ಲಿ 2100 ಕ್ಯಾಲೊರಿಗಳ ಆಧಾರದ ಮೇಲೆ ರೇಖೆಯನ್ನೆಳೆಯಿತು. ವಿಶ್ವಬ್ಯಾಂಕು 1990ರ ತನ್ನ ವರದಿಯಲ್ಲಿ 1985ರ ಬೆಲೆಗಳಂತೆ ವರ್ಷಕ್ಕೆ 275ರಿಂದ 370 ಡಾಲರುಗಳ ಮಿತಿಯನ್ನು ಇಟ್ಟುಕೊಂಡಿತು. ಇದರ ಮೇಲಂಚು ‘ದಿನಕ್ಕೆ ಒಂದು ಡಾಲರ್’ ಎಂದು ಪ್ರಸಿದ್ಧವಾಯಿತು. ಕೆಳಅಂಚು ಭಾರತದಲ್ಲಿ ಬಳಕೆಯಲ್ಲಿದ್ದ ರೇಖೆಗೆ ಸರಿಹೊಂದುವಂತಹುದು. ಜಾಗತಿಕವೆಂದು ನಮ್ಮ ವಿದ್ಯಾರ್ಥಿಗಳು ಓದುವ ಮಾನದಂಡದಲ್ಲಿ ನಮ್ಮದೇ ಬಡವನ ಊಟದ ಲೆಕ್ಕವಿತ್ತೆಂದಾಯಿತು. 2025ರ ಜೂನ್ ತಿಂಗಳಲ್ಲಿ ಆ ರೇಖೆಯನ್ನು 2021ರ ಬೆಲೆಗಳಂತೆ 3 ಡಾಲರಿಗೆ ಏರಿಸಲಾಯಿತು.

1962ರ ಇಪ್ಪತ್ತು ರೂಪಾಯಿಗಳಲ್ಲಿ ವಿದ್ಯೆ, ವೈದ್ಯಗಳ ವೆಚ್ಚ ಸೇರಿರಲಿಲ್ಲ. ಅವೆರಡನ್ನೂ ರಾಜ್ಯವೇ ಒದಗಿಸುವುದೆಂಬುದು ಆ ತಜ್ಞರ ಎಣಿಕೆಯಾಗಿತ್ತು. ಮುಂದಿನ ರೇಖೆಗಳೂ ಈ ಎಣಿಕೆಯನ್ನೇ ನಂಬಿ ಬಂದವು. ಬಡವರು ಇವಕ್ಕಾಗಿ ಸ್ವಂತ ಹಣವನ್ನು ತೆರುತ್ತಿರುವರೆಂಬುದನ್ನು ಗಣನೆಗೆ ತಂದು ರೇಖೆಯನ್ನು ತಿದ್ದಿದುದು ತೆಂಡೂಲ್ಕರ್ ಸಮಿತಿ. ಅದರ ವರದಿಯ ವರ್ಷ 2009.