ಅಸ್ಥಿರಂಧ್ರತೆ

ಅಸ್ಥಿರಂಧ್ರತೆ ಅಥವಾ ಆಸ್ಟಿಯೊಪೊರೋಸಿಸ್ ಎಂಬುದು ಮೂಳೆಗಳ ಸಾಂದ್ರತೆ ಕುಗ್ಗಿ, ಒಳರಚನೆ ಶಿಥಿಲಗೊಂಡು, ಅಲ್ಪ ಆಘಾತಕ್ಕೂ ಮುರಿಯುವ ಸ್ಥಿತಿಗೆ ತರುವ ಕಾಯಿಲೆ. ಇದು ಮುಖ್ಯವಾಗಿ ಮುಟ್ಟು ನಿಂತ ಮಹಿಳೆಯರಲ್ಲಿ ಮತ್ತು ವೃದ್ಧ ಪುರುಷರಲ್ಲಿ ಕಂಡುಬರುತ್ತದೆ. ಮೂಳೆ ಮುರಿಯುವವರೆಗೆ ಸಾಮಾನ್ಯವಾಗಿ ಯಾವ ನೋವೂ ಇರುವುದಿಲ್ಲವಾದ್ದರಿಂದ ಇದನ್ನು ‘ಸದ್ದಿಲ್ಲದ ಕಾಯಿಲೆ’ ಎಂದು ಕರೆಯುವುದುಂಟು. ಬೆನ್ನೆಲುಬು, ಸೊಂಟದ ಕೀಲಿಗೆ ಸೇರುವ ತೊಡೆಮೂಳೆಯ ಮೇಲ್ಭಾಗ ಮತ್ತು ಮಣಿಕಟ್ಟು ಇದರಿಂದ ಹೆಚ್ಚಾಗಿ ಮುರಿಯುವ ಸ್ಥಳಗಳು. ಅಂತರರಾಷ್ಟ್ರೀಯ ಆಸ್ಟಿಯೊಪೊರೋಸಿಸ್ ಪ್ರತಿಷ್ಠಾನದ ಅಂದಾಜಿನಂತೆ 50 ವರ್ಷ ದಾಟಿದ ಮಹಿಳೆಯರಲ್ಲಿ ಮೂವರಲ್ಲಿ ಒಬ್ಬರಿಗೂ ಪುರುಷರಲ್ಲಿ ಐವರಲ್ಲಿ ಒಬ್ಬರಿಗೂ ಉಳಿದ ಜೀವಿತಾವಧಿಯಲ್ಲಿ ಇಂತಹ ಮೂಳೆಮುರಿತ ಉಂಟಾಗುತ್ತದೆ. ಮೂಳೆಯು ಜೀವಂತ ಅಂಗಾಂಶವಾದ್ದರಿಂದ ಇಳಿವಯಸ್ಸಿನಲ್ಲಿಯೂ ಆಹಾರ, ವ್ಯಾಯಾಮ, ಔಷಧ ಮತ್ತು ಬೀಳದಂತೆ ವಹಿಸುವ ಎಚ್ಚರಿಕೆಗಳಿಂದ ಮುರಿತದ ಸಾಧ್ಯತೆಯನ್ನು ಗಣನೀಯವಾಗಿ ತಗ್ಗಿಸಬಹುದು.

## ಹೆಸರು ಮತ್ತು ಇತರ ಕಾಯಿಲೆಗಳಿಂದ ವ್ಯತ್ಯಾಸ

‘ಆಸ್ಟಿಯೊಪೊರೋಸಿಸ್’ ಎಂಬ ಪದ ಮೂಳೆ ಮತ್ತು ರಂಧ್ರ ಎಂಬ ಅರ್ಥದ ಗ್ರೀಕ್ ಮೂಲದ ಪದಗಳಿಂದ ಬಂದಿದೆ. ಕನ್ನಡದ ‘ಅಸ್ಥಿರಂಧ್ರತೆ’ ಅದರ ನೇರ ಸಮಾನಪದ. ಆಡುಮಾತಿನಲ್ಲಿ ಇದನ್ನು ‘ಮೂಳೆ ಸವೆತ’ ಎನ್ನುತ್ತಾರೆ. ಆದರೆ ಮಂಡಿನೋವಿಗೆ ಕಾರಣವಾಗುವ ಕೀಲುಸವೆತವನ್ನೂ (ಆಸ್ಟಿಯೊಆರ್ಥ್ರೈಟಿಸ್) ಜನ ಅದೇ ಹೆಸರಿನಿಂದ ಕರೆಯುವುದರಿಂದ ಗೊಂದಲ ಉಂಟಾಗುತ್ತದೆ. ಕೀಲುಸವೆತದಲ್ಲಿ ಹಾಳಾಗುವುದು ಕೀಲಿನ ಮೃದ್ವಸ್ಥಿ. ನೋವು ಅದರ ಮುಖ್ಯ ಲಕ್ಷಣ. ಅಸ್ಥಿರಂಧ್ರತೆಯಲ್ಲಿ ಕ್ಷೀಣಿಸುವುದು ಮೂಳೆಯೇ. ನೋವಿಲ್ಲದಿರುವುದೇ ಅದರ ಅಪಾಯ.

ವಿಟಮಿನ್ ಡಿ ಕೊರತೆಯಿಂದ ಮೂಳೆ ಮೆತ್ತಗಾಗುವ ಆಸ್ಟಿಯೊಮಲೇಸಿಯ ಬೇರೊಂದು ಕಾಯಿಲೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ರಾಯಚೂರು ಮುಂತಾದ ಜಿಲ್ಲೆಗಳ ಕೆಲವು ಭಾಗಗಳಲ್ಲಿ ಕೊಳವೆಬಾವಿ ನೀರಿನ ಅಧಿಕ ಫ್ಲೋರೈಡ್‌ನಿಂದ ಉಂಟಾಗುವ ಫ್ಲೋರೋಸಿಸ್ ಕೂಡ ಮೂಳೆಗಳನ್ನು ಬಾಧಿಸುತ್ತದೆ. ಅದರಲ್ಲಿ ಬೆನ್ನೆಲುಬು ಪರೀಕ್ಷೆಯಲ್ಲಿ ಸಾಂದ್ರವಾಗಿಯೇ ತೋರಿದರೂ ಮೂಳೆಯ ಗುಣಮಟ್ಟ ಕುಂದಿರುತ್ತದೆ.

## ಮೂಳೆ ಕ್ಷೀಣಿಸುವ ಬಗೆ

ಮೂಳೆಯಲ್ಲಿ ಹಳೆಯದನ್ನು ಕರಗಿಸುವ ಆಸ್ಟಿಯೊಕ್ಲಾಸ್ಟ್ ಮತ್ತು ಹೊಸದನ್ನು ಕಟ್ಟುವ ಆಸ್ಟಿಯೊಬ್ಲಾಸ್ಟ್ ಎಂಬ ಎರಡು ಬಗೆಯ ಜೀವಕೋಶಗಳು ಜೀವನಪರ್ಯಂತ ಕೆಲಸ ಮಾಡುತ್ತಿರುತ್ತವೆ. ವಯಸ್ಕರ ಅಸ್ಥಿಪಂಜರದ ಸುಮಾರು 10 ಪ್ರತಿಶತ ಭಾಗ ಪ್ರತಿವರ್ಷ ಹೀಗೆ ಹೊಸದಾಗುತ್ತದೆ. ಬಾಲ್ಯ ಮತ್ತು ಯೌವನದಲ್ಲಿ ಕಟ್ಟುವ ಕೆಲಸ ಮುಂದಿದ್ದು, ಸುಮಾರು 30ನೆಯ ವಯಸ್ಸಿನ ಹೊತ್ತಿಗೆ ಮೂಳೆಯ ದ್ರವ್ಯರಾಶಿ ಗರಿಷ್ಠ ಮಟ್ಟ ತಲುಪುತ್ತದೆ. ಆಮೇಲೆ ಕರಗುವಿಕೆ ನಿಧಾನವಾಗಿ ಮೇಲುಗೈ ಪಡೆಯುತ್ತದೆ. ಆದ್ದರಿಂದ ಎಳವೆಯಲ್ಲಿ ಗಳಿಸಿದ ಮೂಳೆಯ ಸಂಪತ್ತು ಮುಪ್ಪಿನ ಠೇವಣಿಯಂತೆ ಕೆಲಸ ಮಾಡುತ್ತದೆ.

ಮಹಿಳೆಯರಲ್ಲಿ ಈಸ್ಟ್ರೋಜನ್ ಹಾರ್ಮೋನು ಮೂಳೆ ಕರಗುವುದನ್ನು ಹಿಡಿತದಲ್ಲಿಡುತ್ತದೆ. ಮುಟ್ಟು ನಿಂತಾಗ ಅದರ ಪ್ರಮಾಣ ಇಳಿದು, ಮುಂದಿನ ಐದರಿಂದ ಏಳು ವರ್ಷಗಳಲ್ಲಿ ಕೆಲವರು ಮೂಳೆಸಾಂದ್ರತೆಯ 20 ಪ್ರತಿಶತದವರೆಗೆ ಕಳೆದುಕೊಳ್ಳುತ್ತಾರೆ. ಪುರುಷರಲ್ಲಿ ಇಂತಹ ದಿಢೀರ್ ಇಳಿತ ಇಲ್ಲದಿದ್ದರೂ 70ರ ನಂತರ ಅವರೂ ಅಪಾಯದ ವಲಯಕ್ಕೆ ಬರುತ್ತಾರೆ.

## ಅಪಾಯಕಾರಿ ಅಂಶಗಳು

ವಯಸ್ಸು, ಸ್ತ್ರೀಲಿಂಗ, 45 ವರ್ಷಕ್ಕೆ ಮೊದಲೇ ಮುಟ್ಟು ನಿಲ್ಲುವುದು, ಅಂಡಾಶಯಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸಿರುವುದು, ತಂದೆ ಅಥವಾ ತಾಯಿಗೆ ಸೊಂಟದ ಮೂಳೆ ಮುರಿದಿರುವುದು, ತೀರ ಕಡಿಮೆ ದೇಹತೂಕ, ಧೂಮಪಾನ ಮತ್ತು ಅತಿಯಾದ ಮದ್ಯಪಾನ ಪ್ರಮುಖ ಅಂಶಗಳು. ಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆ, ರುಮಟಾಯ್ಡ್ ಸಂಧಿವಾತ, ಮಧುಮೇಹ, ದೀರ್ಘಕಾಲದ ಮೂತ್ರಪಿಂಡದ ಕಾಯಿಲೆ ಇವೂ ಮೂಳೆಯನ್ನು ದುರ್ಬಲಗೊಳಿಸುತ್ತವೆ.

ಔಷಧಗಳಲ್ಲಿ ಸ್ಟೀರಾಯ್ಡ್ ಮಾತ್ರೆಗಳ ಪರಿಣಾಮ ಎಲ್ಲಕ್ಕಿಂತ ಮುಖ್ಯವಾದುದು. ಉಬ್ಬಸ, ಸಂಧಿವಾತ ಮೊದಲಾದವುಗಳಿಗಾಗಿ ಮೂರು ತಿಂಗಳಿಗಿಂತ ಹೆಚ್ಚು ಕಾಲ ಇವನ್ನು ಸೇವಿಸುವವರ ಮೂಳೆಯ ಸ್ಥಿತಿಯನ್ನು ಪರಿಶೀಲಿಸುವುದು ಅಗತ್ಯ. ಆದರೆ ಅವನ್ನು ರೋಗಿ ತಾನಾಗಿ ಏಕಾಏಕಿ ನಿಲ್ಲಿಸುವುದು ಅಪಾಯಕಾರಿ. ಕೀಲುನೋವಿಗೆಂದು ಮಾರುವ, ಒಳಗೇನಿದೆ ಎಂದು ನಮೂದಿಸದ ಪುಡಿ ಮತ್ತು ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಾಧ್ಯತೆಯೂ ಇರುತ್ತದೆ.

## ಲಕ್ಷಣಗಳು

ನಿಂತ ನಿಲುವಿನಿಂದ ಬಿದ್ದಷ್ಟಕ್ಕೇ ಮೂಳೆ ಮುರಿಯುವುದು ಈ ಕಾಯಿಲೆಯ ಮೊದಲ ಸ್ಪಷ್ಟ ಸೂಚನೆ. ಕೈಯೂರಿ ಬಿದ್ದಾಗ ಮಣಿಕಟ್ಟು ಮುರಿಯುವುದು ಹಲವರಲ್ಲಿ ಮೊದಲು ನಡೆಯುತ್ತದೆ. ಪಟ್ಟಿ ಹಾಕಿಸಿಕೊಂಡು ಕೈ ಸರಿಹೋದ ಮೇಲೆ ಅದನ್ನು ಕೇವಲ ಅಪಘಾತವೆಂದು ಮರೆಯುವುದೇ ಹೆಚ್ಚು. ವಾಸ್ತವವಾಗಿ ಒಮ್ಮೆ ಹೀಗೆ ಮುರಿದವರಲ್ಲಿ ಮತ್ತೊಂದು ಮೂಳೆ ಮುರಿಯುವ ಸಾಧ್ಯತೆ ಇತರರಿಗಿಂತ ಸುಮಾರು ಎರಡುಪಟ್ಟು. ಮೊದಲ ಮುರಿತವನ್ನು ಎಚ್ಚರಿಕೆಯೆಂದು ಪರಿಗಣಿಸಿ ಪರೀಕ್ಷೆ ಮಾಡಿಸಿದರೆ ಮುಂದಿನ, ಹೆಚ್ಚು ಗಂಭೀರವಾದ ಮುರಿತವನ್ನು ತಪ್ಪಿಸುವ ಅವಕಾಶವಿರುತ್ತದೆ.

ಬೆನ್ನೆಲುಬಿನ ಮಣಿಗಳು ಬೀಳದೆಯೂ ಕುಸಿಯಬಲ್ಲವು. ತುಂಬಿದ ಕೊಡ ಎತ್ತುವುದು, ಬಾಗಿ ಅಕ್ಕಿಚೀಲ ಸರಿಸುವುದು, ಕೆಲವೊಮ್ಮೆ ಜೋರಾಗಿ ಕೆಮ್ಮುವುದೂ ಸಾಕಾಗುತ್ತದೆ. ಕುಸಿತಗಳಲ್ಲಿ ಹಲವು ಗಮನಕ್ಕೇ ಬರುವುದಿಲ್ಲ. ಎತ್ತರ ಯೌವನದಲ್ಲಿದ್ದುದಕ್ಕಿಂತ 4 ಸೆಂ.ಮೀ. ಅಥವಾ ಹೆಚ್ಚು ಕುಗ್ಗುವುದು, ಬೆನ್ನು ಗೂನಾಗುವುದು ಇವುಗಳ ಹೊರಚಿಹ್ನೆಗಳು. ಬೆನ್ನು ಬಾಗುವುದನ್ನು ವಯಸ್ಸಿನ ಸಹಜ ಗುಣವೆಂದು ಭಾವಿಸುವುದರಿಂದ ಚಿಕಿತ್ಸೆ ತಡವಾಗುತ್ತದೆ.

## ರೋಗನಿರ್ಣಯ

ಮೂಳೆಸಾಂದ್ರತೆಯನ್ನು ಅಳೆಯುವ ಪ್ರಮಾಣಿತ ವಿಧಾನ ‘ಡೆಕ್ಸಾ’ ಸ್ಕ್ಯಾನ್. ಅತಿ ಕಡಿಮೆ ಪ್ರಮಾಣದ ಕ್ಷಕಿರಣಗಳಿಂದ ಸೊಂಟ ಮತ್ತು ಕೆಳಬೆನ್ನನ್ನು ಅಳೆಯುವ ಈ ಪರೀಕ್ಷೆ ಕೆಲವೇ ನಿಮಿಷಗಳದ್ದು, ನೋವಿರುವುದಿಲ್ಲ. ಫಲಿತಾಂಶವನ್ನು ಆರೋಗ್ಯವಂತ ಯುವವಯಸ್ಕರ ಸರಾಸರಿಗೆ ಹೋಲಿಸಿ ‘ಟಿ-ಸ್ಕೋರ್’ ಎಂದು ನೀಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 1994ರ ಮಾನದಂಡ ಹೀಗಿದೆ:

* −1 ಅಥವಾ ಅದಕ್ಕಿಂತ ಮೇಲೆ: ಸಾಮಾನ್ಯ
* −1 ಮತ್ತು −2.5ರ ನಡುವೆ: ಆಸ್ಟಿಯೊಪೀನಿಯ, ಅಂದರೆ ಮೂಳೆಸಾಂದ್ರತೆಯ ಕೊರತೆ
* −2.5 ಅಥವಾ ಅದಕ್ಕಿಂತ ಕೆಳಗೆ: ಅಸ್ಥಿರಂಧ್ರತೆ

ಸಾಂದ್ರತೆ ಸಾಕಷ್ಟು ಕುಗ್ಗುವವರೆಗೆ ಸಾಮಾನ್ಯ ಎಕ್ಸ್-ರೇ ಚಿತ್ರದಲ್ಲಿ ಬದಲಾವಣೆ ಕಾಣುವುದಿಲ್ಲ. ಆರೋಗ್ಯ ಶಿಬಿರಗಳಲ್ಲಿ ಹಿಮ್ಮಡಿಗೆ ನಡೆಸುವ ಅಲ್ಟ್ರಾಸೌಂಡ್ ಪರೀಕ್ಷೆ ಮೊದಲ ಹಂತದ ಶೋಧನೆಗೆ ಮಾತ್ರ ಉಪಯುಕ್ತ. ಅದರ ಅಂಕಿಯೊಂದನ್ನೇ ನಂಬಿ ಔಷಧ ಆರಂಭಿಸುವುದಿಲ್ಲ. ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 2008ರಲ್ಲಿ ಬಳಕೆಗೆ ಬಂದ ‘ಫ್ರಾಕ್ಸ್’ ಎಂಬ ಲೆಕ್ಕಾಚಾರವು ಮುಂದಿನ ಹತ್ತು ವರ್ಷಗಳಲ್ಲಿ ಮೂಳೆ ಮುರಿಯುವ ಸಾಧ್ಯತೆಯನ್ನು ಅಂದಾಜಿಸುತ್ತದೆ. ಬೇರೆ ಕಾರಣಗಳನ್ನು ಪತ್ತೆಹಚ್ಚಲು ರಕ್ತದಲ್ಲಿ ಕ್ಯಾಲ್ಸಿಯಂ, ವಿಟಮಿನ್ ಡಿ, ಥೈರಾಯ್ಡ್ ಮತ್ತು ಮೂತ್ರಪಿಂಡದ ಪರೀಕ್ಷೆಗಳನ್ನು ಮಾಡುತ್ತಾರೆ.

## ಆಹಾರ ಮತ್ತು ಬಿಸಿಲು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1000 ಮಿ.ಗ್ರಾಂ., ಮುಟ್ಟು ನಿಂತ ಮಹಿಳೆಯರಿಗೆ 1200 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕು. ಕರ್ನಾಟಕದ ಸಾಂಪ್ರದಾಯಿಕ ಆಹಾರದಲ್ಲಿ ಇದರ ಉತ್ತಮ ಮೂಲಗಳಿವೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಕ್ಯಾಲ್ಸಿಯಂ ಇದ್ದರೆ, ಅಷ್ಟೇ ಅಕ್ಕಿಯಲ್ಲಿ ಇರುವುದು 10 ಮಿ.ಗ್ರಾಂ. ಆಸುಪಾಸು ಮಾತ್ರ. 100 ಮಿ.ಲೀ. ಹಸುವಿನ ಹಾಲಿನಲ್ಲಿ ಸುಮಾರು 120 ಮಿ.ಗ್ರಾಂ. ಇರುತ್ತದೆ. ಎಳ್ಳು, ಹುರುಳಿ, ನುಗ್ಗೆಸೊಪ್ಪು, ಮುಳ್ಳುಸಹಿತ ತಿನ್ನುವ ಸಣ್ಣ ಮೀನುಗಳೂ ಒಳ್ಳೆಯ ಮೂಲಗಳು. ಪಾಲಕ್ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಇದ್ದರೂ ಅದರ ಆಕ್ಸಲೇಟ್ ಅಂಶವು ದೇಹ ಹೀರಿಕೊಳ್ಳುವುದನ್ನು ತಡೆಯುತ್ತದೆ. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಅದರ ಫೈಟೇಟ್ ಅಂಶ ತಗ್ಗಿ ಹೀರಿಕೆ ಸುಧಾರಿಸುತ್ತದೆ.

80 ಗ್ರಾಂ ಹಿಟ್ಟಿನ ಒಂದು ರಾಗಿಮುದ್ದೆ ಮತ್ತು ದಿನವಿಡೀ ಸೇರಿ 400 ಮಿ.ಲೀ. ಹಾಲು ಅಥವಾ ಮೊಸರು ಸುಮಾರು 750 ಮಿ.ಗ್ರಾಂ. ಕ್ಯಾಲ್ಸಿಯಂ ನೀಡುತ್ತವೆ; ಸೊಪ್ಪು, ಬೇಳೆಕಾಳು, ಎಳ್ಳುಗಳಿಂದ ಉಳಿದದ್ದರ ಬಹುಭಾಗವನ್ನು ತುಂಬಿಕೊಳ್ಳಬಹುದು. ಸಾಲದಿದ್ದಾಗ ಮಾತ್ರೆಗಳನ್ನು ಸೂಚಿಸುತ್ತಾರೆ. ಒಮ್ಮೆಗೆ 500 ಮಿ.ಗ್ರಾಂ.ಗಿಂತ ಹೆಚ್ಚು ಕ್ಯಾಲ್ಸಿಯಂ ಸೇವಿಸಿದರೆ ಹೀರಿಕೊಳ್ಳುವ ಪ್ರಮಾಣ ಕುಗ್ಗುವುದರಿಂದ ಅವನ್ನು ಹಂಚಿ ತೆಗೆದುಕೊಳ್ಳಬೇಕು. ಮೂತ್ರಪಿಂಡದಲ್ಲಿ ಕಲ್ಲು ಇದ್ದವರು ವೈದ್ಯರನ್ನು ಕೇಳಿಯೇ ಸೇವಿಸಬೇಕು. ಎಲೆಯಡಿಕೆಯ ಸುಣ್ಣವನ್ನು ಕ್ಯಾಲ್ಸಿಯಂ ಪೂರೈಕೆಯ ಮಾರ್ಗವೆಂದು ಭಾವಿಸಬಾರದು. ಅಡಿಕೆ ಜಗಿಯುವುದು ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ಸಾಬೀತಾಗಿದೆ. ಮಾಂಸಖಂಡಗಳ ಬಲಕ್ಕೆ ಬೇಳೆ, ಮೊಟ್ಟೆ, ಹಾಲಿನಂತಹ ಪ್ರೋಟೀನ್ ಆಹಾರವೂ ಅಗತ್ಯ. ‘ವಯಸ್ಸಾಯಿತು’ ಎಂದು ರಾತ್ರಿಯ ಊಟವನ್ನು ಗಂಜಿಗೋ ಬ್ರೆಡ್ಡಿಗೋ ಇಳಿಸುವ ರೂಢಿಯಿಂದ ಪ್ರೋಟೀನ್ ಕೊರತೆ ಉಂಟಾಗಬಹುದು.

ಕ್ಯಾಲ್ಸಿಯಂ ಹೀರಿಕೆಗೆ ವಿಟಮಿನ್ ಡಿ ಬೇಕು. ಇದನ್ನು ಚರ್ಮವು ಬಿಸಿಲಿನ ನೇರಳಾತೀತ-ಬಿ ಕಿರಣಗಳಿಂದ ತಯಾರಿಸುತ್ತದೆ. ಬಿಸಿಲು ಧಾರಾಳವಾಗಿರುವ ಭಾರತದಲ್ಲಿಯೂ ಇದರ ಕೊರತೆ ವ್ಯಾಪಕವಾಗಿದೆ. ಮನೆಯೊಳಗಿನ ಬದುಕು, ಮೈಮುಚ್ಚುವ ಉಡುಪು ಮತ್ತು ಚರ್ಮದ ಗಾಢವರ್ಣ ಇದಕ್ಕೆ ಕಾರಣಗಳು. ವಯಸ್ಸಾದಂತೆ ಚರ್ಮದ ತಯಾರಿಕಾ ಸಾಮರ್ಥ್ಯವೂ ಕುಗ್ಗುತ್ತದೆ. ಮುಂಜಾನೆಯ ಎಳೆಬಿಸಿಲಿನಲ್ಲಿ ಈ ಕಿರಣಗಳು ತೀರ ಕಡಿಮೆ. ಕಿಟಕಿಯ ಗಾಜು ಇವನ್ನು ತಡೆಯುತ್ತದೆ.

## ವ್ಯಾಯಾಮ

ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ಬಲಗೊಳ್ಳುತ್ತದೆ. ಗುರುತ್ವವಿಲ್ಲದೆ ತೇಲುವ ಗಗನಯಾತ್ರಿಗಳು ಸೊಂಟದ ಮೂಳೆಸಾಂದ್ರತೆಯನ್ನು ತಿಂಗಳಿಗೆ 1ರಿಂದ 1.5 ಪ್ರತಿಶತದಷ್ಟು ಕಳೆದುಕೊಳ್ಳುವುದು ಇದಕ್ಕೆ ನಿದರ್ಶನ. ಚುರುಕು ನಡಿಗೆ, ಮೆಟ್ಟಿಲು ಹತ್ತುವುದು, ಕೈಗಳಿಂದ ಆಧಾರ ಪಡೆಯದೆ ಕುರ್ಚಿಯಿಂದ ಏಳುವುದು, ಹಗುರ ತೂಕಗಳನ್ನು ಎತ್ತುವುದು ಉಪಯುಕ್ತ. ಈಜು ಹೃದಯಕ್ಕೆ ಹಿತವಾದರೂ ಮೂಳೆಯ ಮೇಲೆ ಭಾರ ಹಾಕುವುದಿಲ್ಲ. ಗೋಡೆಯ ಆಸರೆಯಲ್ಲಿ ಒಂಟಿಕಾಲಿನ ಮೇಲೆ ನಿಲ್ಲುವಂತಹ ಅಭ್ಯಾಸಗಳು ಸಮತೋಲನವನ್ನು ಹೆಚ್ಚಿಸಿ ಬೀಳುವುದನ್ನು ತಡೆಯುತ್ತವೆ.

ಕಾಯಿಲೆ ಖಚಿತವಾದವರು ಬೆನ್ನನ್ನು ತೀವ್ರವಾಗಿ ಮುಂದಕ್ಕೆ ಬಾಗಿಸುವ ಅಥವಾ ತಿರುಚುವ ಪಶ್ಚಿಮೋತ್ತಾನಾಸನ, ಹಲಾಸನದಂತಹ ಆಸನಗಳನ್ನು ಬಿಡಬೇಕು. ನೆಲದ ವಸ್ತು ಎತ್ತುವಾಗ ಸೊಂಟ ಬಾಗಿಸದೆ ಮಂಡಿ ಮಡಿಸಬೇಕು. ಆದರೆ ಮುರಿದೀತೆಂಬ ಭಯದಿಂದ ಚಲನೆಯನ್ನೇ ನಿಲ್ಲಿಸುವುದು ಮೂಳೆ ಮತ್ತು ಮಾಂಸಖಂಡ ಎರಡನ್ನೂ ಇನ್ನಷ್ಟು ದುರ್ಬಲಗೊಳಿಸುತ್ತದೆ.

## ಬೀಳದಂತೆ ಎಚ್ಚರಿಕೆ

ಸೊಂಟದ ಮೂಳೆಮುರಿತಗಳಲ್ಲಿ ಬಹುತೇಕ ಎಲ್ಲವೂ ಬೀಳುವುದರಿಂದಲೇ ಸಂಭವಿಸುತ್ತವೆ. ಅನೇಕರು ಬೀಳುವುದು ಸ್ವಂತ ಮನೆಯೊಳಗೇ. ಮನೆಯಲ್ಲಿ ಗಮನಿಸಬೇಕಾದ ಅಂಶಗಳು:

* ಬಚ್ಚಲು ಮತ್ತು ಶೌಚಾಲಯದ ಗೋಡೆಗೆ ಹಿಡಿಕೆ, ಜಾರದ ನೆಲಹಾಸು. ಕುಕ್ಕರಗಾಲಿನಲ್ಲಿ ಕೂರಲಾಗದವರಿಗೆ ಎತ್ತರದ ಆಸನ
* ಎಣ್ಣೆಸ್ನಾನದ ನಂತರ ನೆಲ ಮತ್ತು ಅಂಗಾಲುಗಳ ಜಿಡ್ಡನ್ನು ತೊಳೆಯುವುದು
* ಮಂಚದಿಂದ ಬಚ್ಚಲಿನವರೆಗೆ ರಾತ್ರಿದೀಪ
* ಎತ್ತರದ ಹೊಸ್ತಿಲು ಮತ್ತು ಮೆಟ್ಟಿಲಿನ ಅಂಚಿಗೆ ಎದ್ದುಕಾಣುವ ಬಣ್ಣ
* ಮುದುರಿದ ಚಾಪೆ, ಕಾಲೊರಸು, ನೆಲದ ಮೇಲಿನ ವೈರುಗಳನ್ನು ತೆಗೆಯುವುದು
* ಮಲೆನಾಡು, ಕರಾವಳಿಗಳಲ್ಲಿ ಮಳೆಗಾಲದಲ್ಲಿ ಅಂಗಳದ ಪಾಚಿಯನ್ನು ಉಜ್ಜುವುದು
* ಕಾಲಿಗೆ ತೊಡರದಷ್ಟು ಎತ್ತರಕ್ಕೆ ಸೀರೆ, ಪಂಚೆ ಉಡುವುದು; ಹಿಮ್ಮಡಿ ಹಿಡಿದಿಡುವ ಚಪ್ಪಲಿ

ಕಣ್ಣಿನ ಪೊರೆಗೆ ಚಿಕಿತ್ಸೆ ಪಡೆಯುವುದು ಮತ್ತು ತಲೆಸುತ್ತು ತರಬಲ್ಲ ನಿದ್ರೆಮಾತ್ರೆ, ರಕ್ತದೊತ್ತಡದ ಮಾತ್ರೆಗಳನ್ನು ವೈದ್ಯರಿಂದ ಪರಿಶೀಲಿಸಿಕೊಳ್ಳುವುದೂ ಅಷ್ಟೇ ಮುಖ್ಯ. ಊರುಗೋಲು ಬಳಸಲು ಸಂಕೋಚಪಡುವವರು ಅನೇಕರು. ಅದರ ಎತ್ತರ ಮಣಿಕಟ್ಟಿನ ಮಟ್ಟಕ್ಕೆ ಸರಿಹೊಂದಿದ್ದರೆ ನಡಿಗೆ ಸುರಕ್ಷಿತವಾಗುತ್ತದೆ.

## ಔಷಧಗಳು

ಬಿಸ್ಫಾಸ್ಫೊನೇಟ್ ವರ್ಗದ ಔಷಧಗಳು ಮೂಳೆ ಕರಗುವುದನ್ನು ತಡೆಯುತ್ತವೆ. ವಾರಕ್ಕೊಮ್ಮೆ ಸೇವಿಸುವ ಅಲೆಂಡ್ರೊನೇಟ್ ಮಾತ್ರೆಯನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಮಲಗದೆ, ಕಾಫಿ-ತಿಂಡಿ ಸೇವಿಸದೆ ಇರಬೇಕು. ಇಲ್ಲವಾದರೆ ಅನ್ನನಾಳಕ್ಕೆ ಹುಣ್ಣಾಗಬಹುದು, ಔಷಧವೂ ದೇಹಕ್ಕೆ ಸೇರದು. ಜೊಲೆಡ್ರಾನಿಕ್ ಆಮ್ಲವನ್ನು ವರ್ಷಕ್ಕೊಮ್ಮೆ ಡ್ರಿಪ್ ಮೂಲಕ ನೀಡುತ್ತಾರೆ. ಆರು ತಿಂಗಳಿಗೊಮ್ಮೆ ಚುಚ್ಚುವ ಡೆನೊಸುಮ್ಯಾಬ್ ಅನ್ನು ತಪ್ಪಿಸಿದರೆ ಅಥವಾ ಬದಲಿ ಔಷಧವಿಲ್ಲದೆ ನಿಲ್ಲಿಸಿದರೆ ಗಳಿಸಿದ ಸಾಂದ್ರತೆ ಬೇಗನೆ ನಷ್ಟವಾಗಿ ಬೆನ್ನೆಲುಬಿನ ಮಣಿಗಳು ಕುಸಿಯಬಹುದು. ತೀವ್ರ ಸ್ಥಿತಿಯಲ್ಲಿ ಹೊಸ ಮೂಳೆ ಕಟ್ಟಲು ನೆರವಾಗುವ ಟೆರಿಪ್ಯಾರಟೈಡ್ ಚುಚ್ಚುಮದ್ದನ್ನು ಬಳಸುತ್ತಾರೆ.

ಬಿಸ್ಫಾಸ್ಫೊನೇಟ್ ಮತ್ತು ಡೆನೊಸುಮ್ಯಾಬ್‌ಗಳ ದೀರ್ಘ ಬಳಕೆಯಲ್ಲಿ ದವಡೆಯ ಮೂಳೆ ಹಾಳಾಗುವುದು, ತೊಡೆಮೂಳೆಯ ಅಸಾಮಾನ್ಯ ಮುರಿತ ಮುಂತಾದ ಅಪರೂಪದ ತೊಂದರೆಗಳಿವೆ. ಆದ್ದರಿಂದ ಚಿಕಿತ್ಸೆಗೆ ಮೊದಲು ಹಲ್ಲುಗಳನ್ನು ತೋರಿಸಿಕೊಳ್ಳುವುದು, ಅಲೆಂಡ್ರೊನೇಟ್ ಐದು ವರ್ಷ ಸೇವಿಸಿದ ಮೇಲೆ ಮುಂದುವರಿಸಬೇಕೇ ಎಂದು ಮರುಪರಿಶೀಲಿಸುವುದು ರೂಢಿ. ಅಪಾಯ ಹೆಚ್ಚಿರುವವರಲ್ಲಿ ಈ ಔಷಧಗಳಿಂದ ತಪ್ಪುವ ಮುರಿತಗಳ ಸಂಖ್ಯೆ ಇಂತಹ ತೊಂದರೆಗಳಿಗಿಂತ ಬಹಳ ಹೆಚ್ಚು.

## ಸೊಂಟದ ಮೂಳೆ ಮುರಿದಾಗ

ಬಿದ್ದ ನಂತರ ಎದ್ದು ನಿಲ್ಲಲಾಗದಿರುವುದು, ತೊಡೆಸಂದಿಯಲ್ಲಿ ನೋವು, ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿರುವುದು ಇದರ ಚಿಹ್ನೆಗಳು. ಇದಕ್ಕೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಬೇಕು. ಸಾಧ್ಯವಾದರೆ ಒಂದೆರಡು ದಿನಗಳೊಳಗೆ. ಎಣ್ಣೆ ನೀವಿಸುವುದು, ನಾಟಿ ಕಟ್ಟು ಹಾಕಿಸಿ ವಾರಗಟ್ಟಲೆ ಮಲಗಿಸುವುದು ಇವುಗಳಿಂದ ಹಾಸಿಗೆ ಹುಣ್ಣು, ನ್ಯುಮೋನಿಯ, ಕಾಲಿನ ರಕ್ತನಾಳಗಳಲ್ಲಿ ಹೆಪ್ಪು ಉಂಟಾಗುವ ಅಪಾಯ ಬೆಳೆಯುತ್ತದೆ. ಸೊಂಟದ ಮೂಳೆ ಮುರಿದ ವೃದ್ಧರಲ್ಲಿ ಸುಮಾರು ಐವರಲ್ಲಿ ಒಬ್ಬರು ಒಂದು ವರ್ಷದೊಳಗೆ ಮರಣಹೊಂದುತ್ತಾರೆ. ಬದುಕುಳಿದವರಲ್ಲಿ ಹಲವರು ಹಿಂದಿನಂತೆ ಸ್ವತಂತ್ರವಾಗಿ ನಡೆಯಲಾರರು. ಶಸ್ತ್ರಚಿಕಿತ್ಸೆಯ ಮರುದಿನದಿಂದಲೇ ಆಸರೆಯೊಂದಿಗೆ ನಿಲ್ಲಿಸಿ ನಡೆಸುವುದು ಚೇತರಿಕೆಗೆ ಮುಖ್ಯ. ಮುರಿದ ಮೂಳೆಯನ್ನು ಕೂಡಿಸಿದ ಮಾತ್ರಕ್ಕೆ ಕಾಯಿಲೆ ವಾಸಿಯಾಗುವುದಿಲ್ಲ; ಅಸ್ಥಿರಂಧ್ರತೆಯ ಚಿಕಿತ್ಸೆಯನ್ನು ಆರಂಭಿಸುವುದು ಅಲ್ಲಿಂದ ಮುಂದಿನ ಹೆಜ್ಜೆ.

## ಇತಿಹಾಸ

ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ರೋಗಶಾಸ್ತ್ರಜ್ಞ ಜಾನ್ ಲೋಬ್‌ಸ್ಟೈನ್ 19ನೆಯ ಶತಮಾನದ ಪೂರ್ವಾರ್ಧದಲ್ಲಿ ಈ ಪದವನ್ನು ಬಳಕೆಗೆ ತಂದನು. ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್ 1940ರ ದಶಕದಲ್ಲಿ ಮುಟ್ಟು ನಿಲ್ಲುವುದಕ್ಕೂ ಮೂಳೆ ಕ್ಷೀಣಿಸುವುದಕ್ಕೂ ಇರುವ ಸಂಬಂಧವನ್ನು ವಿವರಿಸಿದನು. 1995ರಲ್ಲಿ ಅಲೆಂಡ್ರೊನೇಟ್‌ಗೆ ಅಮೆರಿಕದಲ್ಲಿ ಅನುಮೋದನೆ ದೊರೆತ ನಂತರ ಇದರ ಚಿಕಿತ್ಸೆ ವ್ಯಾಪಕವಾಯಿತು. ಪ್ರತಿವರ್ಷ ಅಕ್ಟೋಬರ್ 20ನ್ನು ವಿಶ್ವ ಆಸ್ಟಿಯೊಪೊರೋಸಿಸ್ ದಿನವಾಗಿ ಆಚರಿಸಲಾಗುತ್ತದೆ.

## ಇವನ್ನೂ ನೋಡಿ

* ಮೂಳೆ
* ಕ್ಯಾಲ್ಸಿಯಂ
* ವಿಟಮಿನ್ ಡಿ
* ರಾಗಿ
* ಋತುಬಂಧ